ವಿಷ ಕಲಸಿದ ಕೈ

ಯುಗಾದಿ ಮುಗಿದ ಮೂರನೆಯ ದಿನ ಮೌಲಾಬಿ ಬಳೆಯ ಬುಟ್ಟಿಯನ್ನು ಅಟ್ಟಕ್ಕೇರಿಸಿ ಬಿದಿರಿನ ಗಾಳವನ್ನು ಕೆಳಗಿಳಿಸುತ್ತಿದ್ದಳು. ಹೋಳಿ ಹುಣ್ಣಿಮೆಯಿಂದ ಯುಗಾದಿ ಪಾಡ್ಯದವರೆಗೆ ಕಲಘಟಗಿ ಸುತ್ತಿನ ಹಳ್ಳಿಗಳ ಹೆಂಗಸರ ಕೈಗಳನ್ನೆಲ್ಲ ಹಿಚುಕಿ ಹಿಚುಕಿ ಹೊಸ ಬಳೆ ಏರಿಸಿ ಅವಳ ಹೆಬ್ಬೆರಳು ಮರಗಟ್ಟಿರುತ್ತಿತ್ತು. ಮದುವೆಯ ಹಂಗಾಮು ಶುರುವಾಗಲು ಇನ್ನೂ ಹದಿನೈದು ದಿನ. ನಡುವಿನ ಐದಾರು ದಿನ ಅವಳ ಸ್ವಂತದವು. ಯಾರ ಕೈಯನ್ನೂ ಹಿಡಿಯಬೇಕಿಲ್ಲ, ಯಾರ ಮನೆಯ ಸುದ್ದಿಗೂ ಹೂಂಗುಟ್ಟಬೇಕಿಲ್ಲ.

"ಲೋಕದ ಹೆಂಗಸರು ದಣಿದ್ರ ತವರಮನಿಗೆ ಹೋಗ್ತಾರ. ನೀ ಹಳ್ಳಕ್ಕ ಹೋಗ್ತಿ," ಎಂದು ಅವಳ ಗಂಡ ನಬೀಸಾಬ ವರ್ಷವೂ ಅನ್ನುತ್ತಿದ್ದ. ಪಾತ್ರೆಗಳಿಗೆ ಕಲಾಯಿ ಹಾಕುವ ಬಡಪಾಯಿ ಮನುಷ್ಯ. ಅಂದು ಮುಗಿಸಿ ತಾನೇ ಬುತ್ತಿ ಕಟ್ಟಿಕೊಟ್ಟು ಬಸ್ಸಿಗೆ ಹತ್ತಿಸುತ್ತಿದ್ದ.

"ಹಳ್ಳನ ನನ್ನ ತವರಮನಿ," ಎನ್ನುತ್ತಿದ್ದಳು ಮೌಲಾಬಿ. ಸುಳ್ಳಲ್ಲ. ಗಾಳ ಹಿಡಿಯುವುದನ್ನು ಅವಳ ಅಪ್ಪ ಅದೇ ಹಳ್ಳದ ದಂಡೆಯಲ್ಲಿ ಕೂರಿಸಿ ಕಲಿಸಿದ್ದ. ಅಪ್ಪ ಸತ್ತ, ಮನೆ ಬಿತ್ತು, ಹಳ್ಳ ಉಳಿಯಿತು.

ಎಪ್ಪತ್ನಾಲ್ಕನೆಯ ಇಸವಿಯ ಆ ಯುಗಾದಿಗೆ ಪಂಚಾಂಗದವರು ಆನಂದ ಸಂವತ್ಸರ ಎಂದು ಹೆಸರು ಓದಿದ್ದರು. ಮೌಲಾಬಿ ದುಮ್ಮವಾಡದಲ್ಲಿ ಬಸ್ಸಿಳಿದು, ಊರೊಳಗೆ ಹೋಗದೆ, ಹೊಲಗಳ ನಡುವೆ ಹಾಯ್ದು ಕಾಡಂಚಿನ ನೇರಲಮಡುವಿಗೆ ಬಂದಳು. ಹರಿಯುವ ನೀರು ಆಗಲೇ ನಿಂತು ಹಳ್ಳವು ಮಡು ಮಡುವಾಗಿ ಒಡೆದಿತ್ತು. ಅವುಗಳಲ್ಲಿ ನೇರಲಮಡು ದೊಡ್ಡದು. ಎಂಥ ಬರಗಾಲದಲ್ಲೂ ಬತ್ತಿದ್ದನ್ನು ಕಂಡವರಿಲ್ಲ.

ದಂಡೆಯ ಮೇಲೆ ರೇಣುಕವ್ವ ತೇಗದ ಎಲೆ ಹೊದಿಸಿ ಗುಡಿಸಲು ಹಾಕಿಕೊಂಡಿದ್ದಳು. ದುಮ್ಮವಾಡದ ಎಮ್ಮೆಗಳನ್ನು ಕಾಯುವವಳು ಅವಳು. ಊರ ಹತ್ತಿರದ ಹುಲ್ಲು ಒಣಗಿತೆಂದರೆ ಗಬ್ಬದ ಎಮ್ಮೆಗಳನ್ನೂ ಹಾಲು ಬತ್ತಿದ ಎಮ್ಮೆಗಳನ್ನೂ ಇಲ್ಲಿಗೆ ಹೊಡೆದುಕೊಂಡು ಬಂದು ಮಳೆ ಬೀಳುವವರೆಗೆ ಇಲ್ಲೇ ಇರುತ್ತಿದ್ದಳು. ಮೌಲಾಬಿಗಿಂತ ನಾಲ್ಕು ವರ್ಷ ದೊಡ್ಡವಳು. ಮಾತು ಕಡಿಮೆ. ಆ ಕೊರತೆಯನ್ನು ಮೌಲಾಬಿ ತುಂಬುತ್ತಿದ್ದಳು.

"ಬಾಯಿ ಮುಚ್ಚಬೇ," ಎಂದಳು ರೇಣುಕವ್ವ, ಗೆಳತಿ ಬಂದು ಇನ್ನೂ ಗಂಟು ಇಳಿಸಿರಲಿಲ್ಲ. "ಬಾಣಂತಿ ಬಂದಾಳ."

ಆಚೆ ದಂಡೆಯ ಬಂಡೆಯ ಕೆಳಗಿಂದ ನೀರುನಾಯಿಯೊಂದು ತಲೆ ಎತ್ತಿ ನೋಡಿತು. ಅದರ ಹಿಂದೆ ಎರಡು ಮರಿಗಳು, ಒದ್ದೆ ಮಸಿಬಟ್ಟೆ ಸುತ್ತಿಟ್ಟ ಹಾಗೆ. ತಾಯಿ ಮುಳುಗಿ ಒಂದು ಮೀನು ಕಚ್ಚಿಕೊಂಡು ಬಂತು. ಅದನ್ನು ಬಂಡೆಯ ಮೇಲೆ ಅರ್ಧ ಜೀವದಲ್ಲೇ ಬಿಟ್ಟು, ಹಿಡಿಯಿರಿ ಅನ್ನುವಂತೆ ಮರಿಗಳ ಕಡೆ ತಿರುಗಿ ಕುಳಿತಿತು. ಒಂದು ಮರಿ ಹೆದರಿ ಹಿಂದೆ ಸರಿದು ನೀರಿಗೆ ಬಿತ್ತು. ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು.

ಮೂರು ದಿನ ಹೀಗೇ ಹೋದವು. ಮುಂಜಾನೆ ತಂಪಿನಲ್ಲಿ ಮೌಲಾಬಿ ಎರೆಹುಳು ಸಿಕ್ಕಿಸಿ ಗಾಳ ಬಿಟ್ಟು ಕೂರುತ್ತಿದ್ದಳು. ಹೊತ್ತಿಗೆ ಬೇಕಾದ ಎರಡು ಮೀನು ಸಿಕ್ಕರೆ ಗಾಳ ಎತ್ತಿಬಿಡುತ್ತಿದ್ದಳು. ಕೆಂಪು ಮರಿಗಳ ಗುಂಪನ್ನು ಕಾಯುತ್ತ ತೇಲುವ ತಾಯಿ ಕೊರವ ಮೀನು ಕಂಡರೆ ಆ ಕಡೆ ಗಾಳವನ್ನೇ ಬೀಸುತ್ತಿರಲಿಲ್ಲ. ರೇಣುಕವ್ವ ರೊಟ್ಟಿ ತಟ್ಟುತ್ತಿದ್ದಳು. ಮುತ್ತುಗ ಉರಿಯಂತೆ ಹೂ ಬಿಟ್ಟಿತ್ತು, ಹೊಂಗೆಯ ಹೊಸ ಎಲೆ ಬಿಸಿಲಿಗೆ ಎಣ್ಣೆ ಸವರಿದಂತೆ ಮಿರುಗುತ್ತಿತ್ತು. ಸಂಜೆ ಹೊತ್ತು ಜಿಂಕೆಗಳು ನೀರಿಗೆ ಇಳಿಯುವಾಗ ಎಮ್ಮೆಗಳು ತಾವಾಗಿ ಪಕ್ಕಕ್ಕೆ ಸರಿದು ಜಾಗ ಕೊಡುತ್ತಿದ್ದವು. ವರ್ಷವೆಲ್ಲ ಪರರ ಅಂಗಳದಲ್ಲಿ ಮೊಣಕಾಲೂರಿ ಕೂರುವ ಮೌಲಾಬಿ ಇಲ್ಲಿ ಕಾಲು ಚಾಚಿ ಕೂರುತ್ತಿದ್ದಳು.

ನಾಲ್ಕನೆಯ ದಿನ ಮುಂಜಾನೆ ಜೀಪು ಬಂತು.

ಇಳಿದವನು ದುಮ್ಮವಾಡದ ಸಾವಕಾರ ಮಡಿವಾಳೆಪ್ಪ. ಹೊಸ ಹತ್ತಿ ತಳಿ ಬಿತ್ತಿ ಎರಡೇ ವರ್ಷದಲ್ಲಿ ಮನೆಯ ಮೇಲೆ ಮಾಳಿಗೆ ಎಬ್ಬಿಸಿದವನು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಅವನ ಮನೆಯಲ್ಲಿ ಮೀನು ಹೋಗಲಿ, ಮೀನಿನ ಮಾತೂ ಹೊಸ್ತಿಲು ದಾಟುವಂತಿರಲಿಲ್ಲ. ಸಂಗಡ ಹುಬ್ಬಳ್ಳಿಯ ಮೂವರು ಗೆಳೆಯರು. ಖಾಕಿ ಡೇರೆ ಎದ್ದಿತು, ಟ್ರಾನ್ಸಿಸ್ಟರ್ ಕೂಗತೊಡಗಿತು, ಬಾಟಲಿಗಳು ನೀರಿಗಿಳಿದು ತಂಪಾದವು. ನೀರುನಾಯಿ ಬಂಡೆಯ ಕೆಳಗೆ ಸೇರಿದ್ದು ಮತ್ತೆ ತಲೆ ಹಾಕಲಿಲ್ಲ.

ಗೆಳೆಯರ ಹತ್ತಿರ ಚಕ್ರವಿರುವ ಪೇಟೆಯ ಗಾಳಗಳಿದ್ದವು. ಎರಡು ತಾಸು ನೀರು ಬಡಿದರು, ಒಬ್ಬರಿಗೊಬ್ಬರು ಕೂಗಾಡಿದರು. ಒಂದು ಮೀನೂ ಕಚ್ಚಲಿಲ್ಲ. ಮೌಲಾಬಿಗೆ ಕನಿಕರ ಬಂತು.

"ಸುಮ್ಮ ಕುಂಡ್ರಬೇಕ್ರಿ ಸಾವಕಾರ್ರ. ನೆರಳು ನೀರಾಗ ಬೀಳಬಾರ್ದು, ಮಾತು ಕೇಳಸಬಾರ್ದು. ಬರ್ರಿ, ನಾ ತೋರಸ್ತೇನಿ."

ಗೆಳೆಯರಲ್ಲಿ ಒಬ್ಬ ನಕ್ಕ. "ಮಡಿವಾಳೆಪ್ಪಾ, ಬಳಿಗಾರ್ತಿ ಕಡಿಂದ ಗಾಳ ಕಲಿಯೂ ಹೊತ್ತ ಬಂತಲ್ಲೋ! ಮೀನ ತಿನ್ನಸ್ತೀನಿ ಅಂತ ಕರಕೊಂಡ ಬಂದಿ."

ಮಡಿವಾಳೆಪ್ಪನ ಮುಖ ಕೆಂಪಾಯಿತು. "ನೀ ನಿನ್ನ ಕೆಲಸ ನೋಡ್ಕೊಬೇ," ಎಂದ ಮೌಲಾಬಿಗೆ. ಗೆಳೆಯರ ಕಡೆ ತಿರುಗಿ, "ತಡೀರಿ. ಮಧ್ಯಾಹ್ನಕ್ಕ ಮೀನ ತಾವಾಗೇ ಬಂದ ಕಾಲಾಗ ಬೀಳ್ತಾವ," ಎಂದು ಜೀಪು ಹತ್ತಿ ಊರ ಕಡೆ ಹೋದ.

ಈ ಗದ್ದಲ ಬೇಡವೆಂದು ರೇಣುಕವ್ವ ಗೆಳತಿಯನ್ನು ಕಾಡಿನೊಳಗೆ ಕರೆದುಕೊಂಡು ಹೋದಳು. ಎಮ್ಮೆಗಳು ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಅರ್ಧ ಹರಿದಾರಿ ದೂರದ ದೊಡ್ಡ ಮತ್ತಿಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡಿತ್ತು. ಹೆಣ್ಣು ಒಳಗೆ ಕೂತು ಮಣ್ಣಿನಿಂದ ಬಾಗಿಲು ಮೆತ್ತಿಕೊಂಡಿದೆ, ಬರೀ ಕೊಕ್ಕು ತೂರುವಷ್ಟು ಸೀಳು. ಗಂಡು ಹಣ್ಣು ತಂದು ತಂದು ಆ ಸೀಳಿನೊಳಗೆ ಇಡುತ್ತಿತ್ತು. ಮೌಲಾಬಿ ಕುತ್ತಿಗೆ ನೋಯುವವರೆಗೆ ನೋಡಿದಳು.

"ಎಷ್ಟ ದಿನ ಹಿಂಗ ತಂದ ಹಾಕ್ತೈತಿ?"

"ಮರಿ ಬಲಿಯೂತನಾ."

"ನಮ್ಮ ನಬೀಸಾಬಗ ತೋರಸ್ಬೇಕಿದನ್ನ."

ಹೊತ್ತು ಇಳಿದಾಗ ಅವರು ಮಡುವಿಗೆ ಮರಳಿದರು. ದೂರದಿಂದ ನೋಡಿದಾಗ ನೀರಿನ ಮೇಲೆ ನೇರಲದ ಹೂವು ಉದುರಿದೆ ಅನ್ನಿಸಿತು. ಹತ್ತಿರ ಬಂದಾಗ ಅವು ಮೀನುಗಳ ಹೊಟ್ಟೆಗಳೆಂದು ತಿಳಿಯಿತು. ದೊಡ್ಡವು, ಸಣ್ಣವು, ಉಗುರಿನಷ್ಟು ಮರಿಗಳು, ಹಾವುಮೀನು, ಕಪ್ಪೆ. ಮಡುವಿನ ಜೀವವೆಲ್ಲ ಬೆಳ್ಳಗೆ ಅಂಗಾತ ಬಿದ್ದಿತ್ತು. ಕೊರವದ ಕೆಂಪು ಮರಿಗಳು ಕುಂಕುಮ ಚೆಲ್ಲಿದಂತೆ ದಂಡೆಗೆ ಅಂಟಿದ್ದವು. ಗಾಳಿಯಲ್ಲಿ ಹತ್ತಿ ಹೊಲದ ವಾಸನೆ. ದಂಡೆಯ ಮೇಲೆ ತಗಡಿನ ಡಬ್ಬಿಯೊಂದು ಬಾಯಿ ತೆರೆದು ಬಿದ್ದಿತ್ತು. ಅದರ ಮೈಮೇಲೆ ತಲೆಬುರುಡೆಯ ಚಿತ್ರ, ಚಿತ್ರದ ಬಾಜು ಯಾರೋ ಸುಣ್ಣದಿಂದ ಎಳೆದ ಕತ್ತರಿ ಗುರುತು.

ಎಂಡ್ರಿನ್. ಹತ್ತಿಯ ಹುಳಕ್ಕೆ ಹೊಡೆಯುವ ಎಣ್ಣೆ.

"ನನ್ನ ಎಮ್ಮಿ!" ಎಂದು ಚೀರಿ ರೇಣುಕವ್ವ ಓಡಿದಳು. ಬಾಯಾರಿದ ಎಮ್ಮೆಗಳು ನೀರಿನ ಕಡೆ ಇಳಿಯುತ್ತಿದ್ದವು. ಅವಳು ಕೋಲು ಬೀಸಿ, ಕಲ್ಲೆಸೆದು ತಿರುಗಿಸಿದಳು. ಆದರೆ ಈರಪ್ಪನೆಂಬ ರೈತನ ಗಬ್ಬದ ಎಮ್ಮೆ ಆಗಲೇ ಮೂತಿ ಅದ್ದಿ ಕುಡಿದು ಮೇಲೆ ಬರುತ್ತಿತ್ತು.

ಮೌಲಾಬಿ ಡಬ್ಬಿ ಎತ್ತಿಕೊಂಡು ಡೇರೆಯ ಕಡೆ ಓಡಿದಳು. ಒಲೆಯ ಮೇಲೆ ಅಗಲದ ಬಾಣಲೆ, ಅದರಲ್ಲಿ ಮೀನಿನ ತುಂಡುಗಳು ಚುರುಗುಟ್ಟುತ್ತಿದ್ದವು. ನಾಲ್ವರ ಮುಂದೂ ತಾಟುಗಳು. ಒಂದು ಸರತಿ ಆಗಲೇ ತಿಂದು ಮುಗಿಸಿದ್ದರು. ಮಡಿವಾಳೆಪ್ಪನ ಬೆರಳುಗಳಿಗೂ ಮಸಾಲೆ ಮೆತ್ತಿತ್ತು.

"ತಿನ್ನಬ್ಯಾಡ್ರಿ! ವಿಷದ ಮೀನ್ರೀ ಅವು, ಸಾಯ್ತೀರಿ!"

"ಖಂಡ ಸ್ವಚ್ಛ ತೊಳದೇವಿ," ಎಂದ ಒಬ್ಬ, ಮತ್ತೊಂದು ತುಂಡಿಗೆ ಕೈ ಚಾಚುತ್ತ.

ಮೌಲಾಬಿ ಬಾಣಲೆಯನ್ನು ಕಾಲಿನಿಂದ ಒದ್ದಳು. ಕುದಿಯುವ ಎಣ್ಣೆ, ಮೀನು, ಕೆಂಡ ಎಲ್ಲ ಮಣ್ಣುಪಾಲಾದವು. ಅವಳ ಕಾಲ್ಬೆರಳು ಸುಟ್ಟಿದ್ದು ಅವಳಿಗೆ ಆಗ ಗೊತ್ತೇ ಆಗಲಿಲ್ಲ.

"ಯಾರ ಊಟಕ್ಕ ಒದ್ದಿ ಅಂತ ಗೊತ್ತೇನ ನಿನಗ?" ಮಡಿವಾಳೆಪ್ಪ ಎದ್ದು ನಿಂತ.

"ಗೊತ್ತೈತ್ರಿ! ನಾಲ್ಕ ಮೀನಿನ ಸಲುವಾಗಿ ಮಡುವಿಗೆ ಮಡುವನ್ನ ಕೊಂದಾವ್ರ ಊಟಕ್ಕ ಒದ್ದೇನಿ! ದನ ಕುಡಿಯೂ ನೀರ್ರೀ ಅದು! ಸುಮ್ಮ ಕುಂಡ್ರಾಕ ಒಂದ ತಾಸ ಆಗಲಿಲ್ಲ ನಿಮಗ?"

ಅಷ್ಟರಲ್ಲಿ ಗೆಳೆಯರಲ್ಲೊಬ್ಬ ಹೊಟ್ಟೆ ಹಿಡಿದುಕೊಂಡು ಡೇರೆಯ ಹಿಂದೆ ಓಡಿ ವಾಂತಿ ಮಾಡತೊಡಗಿದ. ಉಳಿದವರ ಮುಖ ಬಿಳಿಚಿತು. ಡೇರೆ ಎಳೆದು, ಸಾಮಾನು ತುಂಬಿ, ಅರ್ಧ ತಾಸಿನೊಳಗೆ ಜೀಪು ಧೂಳೆಬ್ಬಿಸಿಕೊಂಡು ಹೋಯಿತು.

ಈರಪ್ಪನ ಎಮ್ಮೆ ಹೊತ್ತು ಮುಳುಗುವ ಮುಂಚೆ ಸತ್ತಿತು. ಕಾಲು ಬಡಿದು ಬಡಿದು ಸತ್ತಿತು. ಅದರ ತಲೆಯನ್ನು ರೇಣುಕವ್ವ ತೊಡೆಯ ಮೇಲೆ ಇಟ್ಟುಕೊಂಡೇ ಇದ್ದಳು. ಮರುದಿನ ಬೆಳಕು ಹರಿದಾಗ ಆಚೆ ದಂಡೆಯಲ್ಲಿ ಬಾಣಂತಿ ನೀರುನಾಯಿ ಸತ್ತು ಬಿದ್ದಿತ್ತು. ಅರ್ಧ ತಿಂದ ಮೀನು ಅದರ ಮುಂಗಾಲುಗಳ ನಡುವೆಯೇ ಇತ್ತು. ಮರಿಗಳು ಕಾಣಲಿಲ್ಲ.

ಇಬ್ಬರೂ ಡಬ್ಬಿ ಹಿಡಿದುಕೊಂಡು ಊರಿಗೆ ಹೋದರು. ದಾರಿಯುದ್ದಕ್ಕೂ ಮೌಲಾಬಿ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದಳು. ಜೋಡಿಸುವ ಅಗತ್ಯವೇ ಇರಲಿಲ್ಲ. ಚಾವಡಿಯಲ್ಲಿ ಜನ ಆಗಲೇ ಕೂಡಿದ್ದರು. ಹಿಂದಿನ ಸಂಜೆಯೇ ಮಡಿವಾಳೆಪ್ಪ ಊರಿಗೆ ಸುದ್ದಿ ಮುಟ್ಟಿಸಿದ್ದ.

"ಹೊಲದ ಕಡೆ ಹೋಗಿದ್ದೆ," ಎಂದ ಅವನು, ಊರ ಹಿರಿಯ ಗೂಳಪ್ಪಗೌಡರ ಮುಂದೆ ಕೈಕಟ್ಟಿ. ಮುಖ ಬಾಡಿತ್ತು, ದನಿ ಕ್ಷೀಣವಾಗಿತ್ತು. "ಕಣ್ಣಾರೆ ನೋಡೇನ್ರಿ. ಈ ಬಳಿಗಾರ್ತಿ ಮಡುವಿನ ದಂಡ್ಯಾಗ ವಿಷದ ಡಬ್ಬಿ ಹಿಡ್ಕೊಂಡ ನಿಂತಿದ್ಲು. ನೋಡ್ರಿ, ಈಗೂ ಆಕಿ ಕೈಯಾಗ ಐತಿ."

ಎಲ್ಲರ ಕಣ್ಣೂ ಡಬ್ಬಿಯ ಮೇಲೆ ಬಿದ್ದವು. ಮೌಲಾಬಿಗೆ ಮೈಯೆಲ್ಲ ಉರಿದು ಬಾಯೇ ಕಟ್ಟಿತು. ಹದಿನಾಲ್ಕು ಹಳ್ಳಿಗಳಲ್ಲಿ ಮಾತಿಗೆ ಹೆಸರಾದ ಬಾಯಿ ಅದು.

"ಸುಳ್ಳ," ಎಂದಳು ಕೊನೆಗೆ. "ಹಸೀ ಸುಳ್ಳ! ಇವ್ರ ಮತ್ತ ಇವ್ರ ಗೆಳ್ಯಾರು ಮೀನಿನ ಸಲುವಾಗಿ ಹಾಕ್ಯಾರ. ಕುಂತ ತಿಂದಾರ!"

ಮಡಿವಾಳೆಪ್ಪ ಬಾಡಿದ ಮುಖದಲ್ಲೇ ನಕ್ಕ. ಕೊರಳಲ್ಲಿದ್ದ ಲಿಂಗದ ಕಡೆ ಕೈ ತೋರಿಸಿ, "ಮೀನ ತಿನ್ನಾವ್ರ ಯಾರ್ರೀ? ನಾನಾ?" ಎಂದ.

ಚಾವಡಿಯೇ ನಕ್ಕಿತು. ಆ ನಗೆಯಲ್ಲಿ ನ್ಯಾಯ ಮುಗಿದುಹೋಯಿತು. ರೇಣುಕವ್ವ ಮುಂದೆ ಬಂದು, ತಾನೂ ನೋಡಿದ್ದೇನೆಂದು, ಜೀಪಿನ ಗಾಲಿಯ ಗುರುತು ಇನ್ನೂ ಇದೆಯೆಂದು ಹೇಳಿದಳು. "ನಿನ್ನ ಗೆಣತಿ ಅಲ್ಲೇನ ಆಕಿ? ನೀ ಆಕಿ ಕಡೇನ ಹೇಳ್ತಿ," ಎಂದರು. ಸತ್ತ ಎಮ್ಮೆಯ ಈರಪ್ಪ ಒಬ್ಬ ಮಾತ್ರ, "ಗಾಲಿ ಗುರುತ ನೋಡ್ಕೊಂಡ ಬರೂಣ್ರಿ," ಎಂದ. ಸಾವಕಾರನ ಮಾತಿನ ಮೇಲೆ ಸಂಶಯವೇ ಎಂದು ಅವನ ಬಾಯಿ ಮುಚ್ಚಿಸಿದರು. ಮೌಲಾಬಿ ಇನ್ನು ದುಮ್ಮವಾಡದಲ್ಲಿ ಬಳೆ ಮಾರಕೂಡದು. ರೇಣುಕವ್ವ ಎಮ್ಮೆ ಕಾಯುವುದನ್ನು ಬಿಡಬೇಕು. ಡಬ್ಬಿಯನ್ನು ಚಾವಡಿಯ ಮೂಲೆಗೆ ಎಸೆದರು.

ಮನೆಗೆ ಬಂದು ಮೌಲಾಬಿ ಎಂಟು ದಿನ ಅನ್ನ ಸರಿಯಾಗಿ ತಿನ್ನಲಿಲ್ಲ. ನಬೀಸಾಬ ಸುಟ್ಟ ಬೆರಳಿಗೆ ಸುಣ್ಣದ ತಿಳಿನೀರು, ಕೊಬ್ಬರಿ ಎಣ್ಣೆ ಹಚ್ಚುತ್ತ ಸಮಾಧಾನ ಹೇಳಿದ: "ಒಂದ ಊರ ಹೋದ್ರ ಹದಿಮೂರ ಊರ ಅದಾವ. ಬಿಡು ಅತ್ಲಾಗ."

"ಊರ ಹೋಗ್ಲಿ. ಅವ್ರ ಜೀವ ಉಳಿಸಿದ ಕಾಲಿದು. ಬಾಣಲಿ ಒದೀಲಿದ್ರ ಆ ಎರಡನೇ ಸರತಿನೂ ತಿಂದ ಅಲ್ಲೇ ಮಲಗತಿದ್ರು. ನನಗ ವಿಷ ಹಾಕಿದಾಕಿ ಅಂತಾರ! ನನಗ!"

ಒಂಬತ್ತನೆಯ ದಿನ ದುಮ್ಮವಾಡದಿಂದ ಕಮಾನಿನ ಬಂಡಿ ಬಂತು. ಮಡಿವಾಳೆಪ್ಪನ ಮನೆಯದು. ಅವನ ಮಗಳ ಮದುವೆ, ಮದುಮಗಳಿಗೆ ಬಳೆ ಇಡಿಸಬೇಕು. ಆ ಮನೆಯಲ್ಲಿ ಮೂರು ತಲೆಮಾರಿನಿಂದ ಬಳೆ ಇಟ್ಟವರು ಮೌಲಾಬಿಯ ಅತ್ತೆಯ ಅತ್ತೆ, ಅತ್ತೆ, ಈಗ ಮೌಲಾಬಿ. ಬೇರೆ ಬಳೆಗಾರರನ್ನು ಕರೆಸೋಣವೆಂದು ಮಡಿವಾಳೆಪ್ಪ ಹೇಳಿದರೂ ಅವನ ತಾಯಿ ಅನ್ನವ್ವ ಒಪ್ಪಲಿಲ್ಲವಂತೆ. "ಚಾವಡಿ ಮಾತ ಚಾವಡ್ಯಾಗ ಇಟ್ಕೋರಿ. ಬಳಿ ವಿಚಾರ ಪಡಸಾಲ್ಯಾಗಿನ ವಿಚಾರ," ಎಂದು ಬಂಡಿ ಕಳಿಸಿದ್ದಳು.

"ಹೋಗ್ಬ್ಯಾಡ," ಎಂದ ನಬೀಸಾಬ, ಹೆಂಡತಿಯ ಮುಖ ನೋಡಿ.

"ಹೋಗ್ತೇನಿ," ಎಂದಳು ಮೌಲಾಬಿ. ಬುಟ್ಟಿಗೆ ಹಸಿರು ಬಳೆ ತುಂಬಿಕೊಂಡಳು.

ಪಡಸಾಲೆಯಲ್ಲಿ ಇಪ್ಪತ್ತೈದು ಮೂವತ್ತು ಹೆಂಗಸರು. ಕಂಬಳಿ ಹಾಸಿ, ಅಕ್ಕಿ, ಅರಿಶಿನ, ಎಲೆಯಡಿಕೆ ಇಟ್ಟಿದ್ದರು. ಮದುಮಗಳು ಮಣೆಯ ಮೇಲೆ ಕುಳಿತು, ತೊಳೆದ ಕೈಯನ್ನು ನಗುತ್ತ ಮುಂದೆ ಚಾಚಿದಳು. ಮೌಲಾಬಿ ಆ ಕೈ ಹಿಡಿಯಲಿಲ್ಲ.

"ಯಾಕಬೇ?" ಎಂದಳು ಅನ್ನವ್ವ. ಎಂಬತ್ತು ದಾಟಿದ ಮುದುಕಿ. ದನಿ ಮಾತ್ರ ಗಟ್ಟಿ.

"ಅವ್ವಾರ, ನನ್ನ ಕೈ ವಿಷ ಕಲಸಿದ ಕೈ ಅಂತ ಈ ಊರ ಚಾವಡ್ಯಾಗ ನಿಮ್ಮ ಮಗ ಹೇಳ್ಯಾರ. ಅಂಥಾ ಕೈಯಾಗ ಮದುಮಗಳ ಕೈ ಹೆಂಗ ಕೊಡ್ತೀರಿ? ಮಾತ ಖರೇ ಇದ್ರ ನನ್ನ ಹೊರಗ ಹಾಕ್ರಿ. ಸುಳ್ಳಿದ್ರ, ಹೇಳಿದಾವ್ರನ್ನ ಕರೀರಿ. ಅಲ್ಲೀತನಾ ಈ ಮನ್ಯಾಗ ನಾ ಒಂದ ಬಳಿ ಮುಟ್ಟೂದಿಲ್ಲ."

ಹೆಂಗಸರಲ್ಲಿ ಗುಜುಗುಜು ಎದ್ದಿತು. ಶುಭದ ಹೊತ್ತಿಗೆ ಇದೆಂಥ ಅಪಶಕುನ ಎಂದಳೊಬ್ಬಳು. ಅನ್ನವ್ವ ಕೈ ಎತ್ತಿ ಸುಮ್ಮನಾಗಿಸಿ, ಮಗನನ್ನು ಕರೆಸಿದಳು. ಮಡಿವಾಳೆಪ್ಪ ಬಾಗಿಲಲ್ಲೇ ನಿಂತ.

"ಅವ್ವಾ, ಆಕಿ ಮಾತ ಏನ ಕೇಳ್ತಿ? ಚಾವಡ್ಯಾಗ ಮುಗದೈತಿ ಅದು. ಡಬ್ಬಿ ಆಕಿ ಕೈಯಾಗ ಸಿಕ್ಕೈತಿ."

"ಎಂಥಾ ಡಬ್ಬಿ?"

ಈ ಪ್ರಶ್ನೆ ಕೇಳಿದವಳು ಅನ್ನವ್ವ ಅಲ್ಲ, ಮಡಿವಾಳೆಪ್ಪನ ಹೆಂಡತಿ ಕಸ್ತೂರೆವ್ವ. ಮಗಳ ಹಿಂದೆ ಕುಳಿತಿದ್ದವಳು ಎದ್ದು ನಿಂತಿದ್ದಳು. ಗಂಡನ ಎದುರು, ಜನರ ನಡುವೆ ಅವಳು ದನಿ ಎತ್ತಿದ್ದನ್ನು ಆ ಊರು ಕಂಡಿರಲಿಲ್ಲ.

"ಡಬ್ಬಿ ಮ್ಯಾಲ ಸುಣ್ಣದ ಕತ್ರಿ ಗುರುತ ಇತ್ತೇನ ಮೌಲಾಬಿ?"

"ಇತ್ರಿ ಅಕ್ಕಾರ. ಬುರುಡಿ ಚಿತ್ರದ ಬಾಜು. ಈಗೂ ಚಾವಡಿ ಮೂಲ್ಯಾಗ ಬಿದ್ದೈತಿ, ತರಸ್ರಿ."

ಕಸ್ತೂರೆವ್ವ ಅತ್ತೆಯ ಕಡೆ ತಿರುಗಿದಳು.  "ಅತ್ತಿ, ಆ ಗುರುತ ನಾ ಹಾಕಿದ್ದು. ಶೇಂಗಾ ಎಣ್ಣಿ ಡಬ್ಬಿಗೂ ಅದಕ್ಕೂ ಯಾರಾರ ಅದಲಿ ಬದಲಿ ಮಾಡ್ಯಾರಂತ ಕೊಟ್ಟಿಗ್ಯಾಗಿನ ಎರಡೂ ವಿಷದ ಡಬ್ಬಿಗೆ ಸುಣ್ಣ ಬಳದಿದ್ದೆ. ಈಗ ಒಂದ ಐತಿ. ಆವತ್ತ ಇವ್ರು ಬಂದ, ಚಾವಡಿಗೆ ಹೋಗಿ ಬಂದಿದ್ದ ಬಿಟ್ರ, ಮೂರ ದಿನ ಹೊಟ್ಟಿ ಹಿಡ್ಕೊಂಡ ಮಲಗಿದ್ರು, ಪಿತ್ತ ಅಂದ್ರು. ಧೋತ್ರ ಒಗದಾಕಿ ನಾನು. ಮೀನಿನ ಹುರುಪಿ ಅಂಟಿತ್ತು. ಗೆಳ್ಯಾರ ತಾಟಿಂದು ಹತ್ತಿರಬೇಕಂತ ನನಗ ನಾನ ಹೇಳ್ಕೊಂಡೆ. ಎಮ್ಮಿ ಸತ್ತಿದ್ದು, ಈಕಿ ಮ್ಯಾಲ ಹೊರಿಸಿದ್ದು, ಎಲ್ಲಾ ಕೇಳಿ ಸುಮ್ಮಿದ್ದೆ. ಮಗಳ ಕೈ ಈಕಿ ಮುಂದ ಹಿಂಗ ಚಾಚಿದ್ಮ್ಯಾಲ ಸುಮ್ಮ ಇರಾಕ ಆಗವಲ್ದು."

 ಮಡಿವಾಳೆಪ್ಪ ಹೆಂಡತಿಯನ್ನೇ ನೋಡುತ್ತಿದ್ದ. ಅನ್ನವ್ವ ಮಗನ ಕಡೆ ತಿರುಗಿದಳು.

"ಮೀನ ತಿಂದೇನ?" ಎಂದಳು. "ಲಿಂಗ ಕಟ್ಟಿದ ಮೈಯಾಗ ಮೀನ ತಿಂದೇನಲೇ? ನಿಮ್ಮಪ್ಪನ ಹೆಸರಿಗೆ, ಈ ಮನಿತನಕ್ಕ…" ಮುದುಕಿ ಹಣೆ ಹಣೆ ಬಡಿದುಕೊಂಡಳು. ಹೆಂಗಸರೆಲ್ಲ ಅವಳನ್ನು ಸುತ್ತಿದರು. ಮೀನಂತೆ, ಮೀನಂತೆ ಎಂಬ ಮಾತು ಬಾಯಿಂದ ಬಾಯಿಗೆ ಹರಿದು ಅಂಗಳ ಮುಟ್ಟಿತು.

ಮೌಲಾಬಿಗೆ ಇನ್ನು ತಡೆಯಲಾಗಲಿಲ್ಲ. ಬುಟ್ಟಿ ಸರಿಸಿ ಎದ್ದಳು.

"ಮೀನ ತಿಂದಿದ್ದಾ ನಿಮ್ಮ ದುಃಖ? ಮೀನ ನಾನೂ ತಿಂತೇನ್ರಿ ಅವ್ವಾರ, ನಮ್ಮಪ್ಪನೂ ತಿಂದಾನ. ಅದು ಅವ್ರ ಮತ್ತ ಅವ್ರ ದೇವ್ರ ನಡುವಿನ ಮಾತು, ನನಗ ಬ್ಯಾಡ. ನೀರಿಗೆ ವಿಷ ಹಾಕಿದ್ದಕ್ಕ ಯಾರೂ ಹಣಿ ಬಡಕೊಳ್ಳವಲ್ರಿ! ಗಬ್ಬದ ಎಮ್ಮಿ ಕಾಲ ಬಡದ ಸತ್ತೈತಿ. ಬಾಣಂತಿ ನೀರುನಾಯಿ ಸತ್ತೈತಿ. ಮಡುವಿನಾಗ ಒಂದ ಕಪ್ಪಿ ಉಳದಿಲ್ಲ. ರೇಣುಕವ್ವನ ಅನ್ನ ಕಸದಾರ, ನನ್ನ ಹೆಸರ ಕೆಡಸ್ಯಾರ. ಅದನ್ನ ಕೇಳ್ರಿ! ಮೀನಿನ ಸುದ್ದಿ ಆಮ್ಯಾಲ ಅಳೂವಂತ್ರಿ!"

ಅನ್ನವ್ವ ಅಳು ನಿಲ್ಲಿಸಿ ಅವಳನ್ನು ದಿಟ್ಟಿಸಿದಳು. ಬಳೆಗಾರ್ತಿಯೊಬ್ಬಳು ತನಗೆ ಆ ದನಿಯಲ್ಲಿ ಮಾತಾಡಿದ್ದು ಅವಳ ಆಯುಷ್ಯದಲ್ಲಿ ಮೊದಲು. ಆಮೇಲೆ, "ಗೂಳಪ್ಪಗೌಡಗ ಹೇಳಿ ಕಳಸ್ರಿ," ಎಂದಳು.

ಗೂಳಪ್ಪಗೌಡರು ಬಂದವರು ಮೊದಲು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮುಗಿಸಲು ನೋಡಿದರು. ಮದುವೆ ಮನೆ, ಬೀಗರ ಕಿವಿಗೆ ಬಿದ್ದರೆ ಚೆಂದವಲ್ಲ. ಈರಪ್ಪನಿಗೆ ಸಾವಕಾರರ ಕೊಟ್ಟಿಗೆಯಿಂದ ಒಂದು ಹೈನದ ಎಮ್ಮೆ ಹೊಡೆದುಕೊಡೋಣ. ರೇಣುಕವ್ವ ನಾಳೆಯಿಂದ ದನ ಹೊಡೆಯಲಿ, ಮೌಲಾಬಿ ಬಂದು ಬಳೆ ಇಡಲಿ. ಆದದ್ದು ಆಯಿತು, ಸುಮ್ಮನೆ ಬಾಯಿ ಬಿಡುವುದು ಬೇಡ.

"ಹೇಳಿದ ಜಾಗಾದಾಗ ಹೇಳ್ಲಿ," ಎಂದಳು ಮೌಲಾಬಿ. "ಹೇಳಿದ ಬಾಯಿಲೇ ಹೇಳ್ಲಿ. ಆವತ್ತ ನಕ್ಕಾವ್ರೆಲ್ಲಾ ಕುಂತ ಕೇಳ್ಲಿ."

"ಹಟ ಬ್ಯಾಡಬೇ."

"ಹಟ ಅಲ್ರಿ ಗೌಡ್ರ. ಡಂಗುರಾ ಹೊಡದ ನನ್ನ ಹೆಸರ ಕೆಡಸಿ, ಪಿಸು ಮಾತಿಲೇ ತಿರುಗಿ ಕೊಡ್ತೀರೇನ?"

ಕಸ್ತೂರೆವ್ವ ಮಗಳ ಪಕ್ಕ ಕುಳಿತು, "ಅಲ್ಲೀತನಾ ನನ್ನ ಮಗಳೂ ಮಣಿ ಬಿಟ್ಟ ಏಳೂದಿಲ್ಲ," ಎಂದಳು. ಗೌಡರಿಗೆ ಬೇರೆ ದಾರಿ ಉಳಿಯಲಿಲ್ಲ.

ಅಂದು ಸಂಜೆ ಚಾವಡಿ ತುಂಬಿತು. ಎಂದೂ ಅಲ್ಲಿ ಕಾಲಿಡದ ಹೆಂಗಸರು ಹೊರಗಿನ ಬೇವಿನ ಮರದ ಕೆಳಗೆ ನಿಂತಿದ್ದರು. ಮಡಿವಾಳೆಪ್ಪ ಎದ್ದು, ಎದುರಿನ ಕಂಬವನ್ನು ನೋಡುತ್ತ ಹೇಳಿದ: "ಡಬ್ಬಿ ನಮ್ಮ ಮನೀದು. ಮಡುವಿಗೆ ಹಾಕಿದ್ದು ನಾವು. ಮೌಲಾಬೀದು, ರೇಣುಕವ್ವಂದು ತಪ್ಪಿಲ್ಲ." ಇಷ್ಟೇ. ಮೀನಿನ ಮಾತು ಯಾರೂ ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಬೇವಿನ ಮರದ ಕೆಳಗೆ ಅದು ಆಗಲೇ ಹತ್ತು ಸುತ್ತು ತಿರುಗಿತ್ತು. ಅಂದು ನಕ್ಕವರಲ್ಲಿ ಒಬ್ಬನೂ ಮೌಲಾಬಿಯ ಹತ್ತಿರ ಬಂದು ತಪ್ಪಾಯಿತು ಅನ್ನಲಿಲ್ಲ. ಈರಪ್ಪ ಮಾತ್ರ ರೇಣುಕವ್ವನ ಎದುರು ಬಂದು, ತಲೆ ಕೆರೆದುಕೊಂಡು, "ಗಾಲಿ ಗುರುತ ನೋಡಾಕ ನಾ ಒಬ್ಬನರ ಹೋಗಬೇಕಾಗಿತ್ತು," ಎಂದ.

ಮರುದಿನ ಮೌಲಾಬಿ ಮದುಮಗಳಿಗೆ ಬಳೆ ಇಟ್ಟಳು. ಮೆತ್ತನೆಯ ಕೈ, ಒಂದೂ ಒಡೆಯಲಿಲ್ಲ. ಕಸ್ತೂರೆವ್ವನಿಗೂ ಇಟ್ಟಳು.  ಗಂಡ ಮಾತು ಬಿಟ್ಟಿದ್ದಾನೆಂದು ಅವಳು ಮೆಲ್ಲಗೆ ಹೇಳಿದಳು. "ಬಿಡ್ಲಿ ಬಿಡ್ರಿ. ಆಡಿದ ಮಾತ ಕೇಳೇವಲ್ಲ," ಎಂದಳು ಮೌಲಾಬಿ. ಕಸ್ತೂರೆವ್ವ ಅನಿರೀಕ್ಷಿತವಾಗಿ ನಕ್ಕುಬಿಟ್ಟಳು.

ಮದುವೆಯ ಹಂಗಾಮು ಮುಗಿಸಿ, ವೈಶಾಖದ ಕೊನೆಗೆ, ಒಂದು ಹದವಾದ ಮಳೆ ಬಿದ್ದ ಮೇಲೆ ಮೌಲಾಬಿ ಮತ್ತೆ ಹಳ್ಳಕ್ಕೆ ಹೋದಳು. ನೇರಲಮಡುವಿನ ನೀರು ಹಸಿರುಗಟ್ಟಿತ್ತು. ಮಿಂಚುಳ್ಳಿ ಇಲ್ಲ, ಕೊಕ್ಕರೆ ಇಲ್ಲ. ಜಿಂಕೆಗಳ ಹೆಜ್ಜೆ ದಂಡೆಯವರೆಗೆ ಬಂದು ಹಿಂದಿರುಗಿದ್ದವು. ದನಗಳು ಆ ಕಡೆ ಇಳಿಯದಂತೆ ರೇಣುಕವ್ವ ಕಂಟಿಯ ಬೇಲಿ ಹಾಕಿ, ಗುಡಿಸಲನ್ನು ಎರಡು ಹರಿದಾರಿ ಮೇಲಿನ ಸಣ್ಣ ಮಡುವಿಗೆ ಸಾಗಿಸಿದ್ದಳು.

ಅಲ್ಲಿ ಮೌಲಾಬಿ ಗಾಳ ಬಿಟ್ಟು ಕುಳಿತಳು. ಕುಳಿತರೂ ಬಾಯಿ ನಿಲ್ಲಲಿಲ್ಲ.

"ಎಮ್ಮಿಗೆ ಎಮ್ಮಿ ಕೊಟ್ರು. ನನ್ನ ಹೆಸರು ನನಗ ಕೊಟ್ರು. ಮಡುವಿನ ಕಡೆ ಮಾತಾಡಾವ್ರು ಒಬ್ಬರೂ ಇಲ್ಲಲ್ಲಬೇ! ಕೊಟ್ಟಿಗ್ಯಾಗ ಇನ್ನೂ ಒಂದ ಡಬ್ಬಿ ಐತಿ. ಊರ ತುಂಬಾ ಮನಿಗೊಂದ ಡಬ್ಬಿ ಐತಿ. ನಾಳೆ ಯಾರ ಕೇಳಾವ್ರು?"

"ಮೀನ ಓಡಿ ಹೋಗ್ತಾವ, ಸುಮ್ಮ ಕುಂಡ್ರ," ಎಂದಳು ರೇಣುಕವ್ವ.

"ಕುಂಡ್ರೂದಿಲ್ಲ. ಬರೂ ಹೋಳಿಗೆ ಬಳಿ ಇಡೂ ಮುಂದ ಮನಿ ಮನಿ ಹೆಂಗಸರಿಗೂ ಹೇಳ್ತೇನಿ. ಕಸ್ತೂರೆವ್ವಕ್ಕಾರಂಗ ಎಲ್ಲಾರೂ ಡಬ್ಬಿ ಮ್ಯಾಲ ಗುರುತ ಹಾಕ್ರಿ, ಎಷ್ಟ ಅದಾವ ಅಂತ ಎಣಿಸಿ ಇಡ್ರಿ, ಒಂದ ಕಡಿಮಿ ಆದ್ರ ಕೇಳ್ರಿ ಅಂತ. ನೋಡೂಣು."

 ರೇಣುಕವ್ವ ನೀರಿನಂಚಿನ ಚಪ್ಪಟೆ ಕಲ್ಲಿನ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು ಏನನ್ನೋ ನೋಡುತ್ತಿದ್ದಳು. ಮೌಲಾಬಿ ಗಾಳ ಊರಿಟ್ಟು ಹೋಗಿ ಬಗ್ಗಿದಳು. ಕಲ್ಲಿನ ಮೇಲೆ ನೀರುನಾಯಿಯ ಹಿಕ್ಕೆ, ಏಡಿಯ ಚಿಪ್ಪಿನ ಚೂರುಗಳು, ಮೀನಿನ ಹುರುಪೆ. ಇನ್ನೂ ಹಸಿಯಾಗಿತ್ತು.

"ಮರೀದೇನ?"

"ಸಣ್ಣದೈತಿ. ಇರಬೇಕು."

"ಒಂದ ಉಳದೈತೋ, ಎರಡೋ?"

"ಹೆಂಗ ಹೇಳ್ಲಿ?"

ಇಬ್ಬರೂ ಹೊಂಗೆಯ ಮರೆಯಲ್ಲಿ ಸರಿದು ಕುಳಿತರು. ಅಂದು ಹೊತ್ತು ಇಳಿಯುವವರೆಗೆ ಏನೂ ಕಾಣಲಿಲ್ಲ. ಮರುದಿನ ಮರಳಬೇಕಿದ್ದ ಮೌಲಾಬಿ ಮರಳಲಿಲ್ಲ. ಗಂಡನಿಗೆ ಹೇಳಿ ಕಳಿಸಲು ದಾರಿಯೂ ಇರಲಿಲ್ಲ. ಬೈದರೆ ಬೈಯಲಿ, ಎಂದುಕೊಂಡು ಮುಂಜಾನೆ ಮತ್ತೆ ಅದೇ ಮರೆಯಲ್ಲಿ ಹೋಗಿ ಕುಳಿತಳು.